ಪಹಣಿಯಲ್ಲಿ ಇಲ್ಲದ ದ್ರಾಕ್ಷಿ

(ಹಿರಿಯೂರಿನಲ್ಲಿ ನಡೆದ ತೋಟಗಾರಿಕೆ ರೈತರ ಸಭೆಯಲ್ಲಿ ಆಡಿದ ಮಾತು ಇದು. ಆಮೇಲೆ ಕೂತು ಬರೆದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ನನ್ನ ಕೈಯಲ್ಲಿರುವ ಈ ಕಾಗದ ಓದಿಬಿಡುತ್ತೇನೆ. ಇದು ನನ್ನ ಹೊಲದ ಹಳೇ ಪಹಣಿ. ಎರಡೂವರೆ ಎಕರೆ, ಅಂದರೆ ಸುಮಾರು ಒಂದು ಹೆಕ್ಟೇರ್. ಬೆಳೆಯ ಕಾಲಂನಲ್ಲಿ ಮುಸುಕಿನ ಜೋಳ ಅಂತ ಇದೆ. ಆ ವರ್ಷ ಆ ಹೊಲದಲ್ಲಿ ಮೆಕ್ಕೆಜೋಳದ ಒಂದು ದಂಟೂ ಇರಲಿಲ್ಲ. ಇದ್ದದ್ದು ಐದು ವರ್ಷದ ವೈನ್ ದ್ರಾಕ್ಷಿ ಬಳ್ಳಿ. ಕಲ್ಲುಕಂಬ, ತಂತಿ, ಡ್ರಿಪ್ ಪೈಪು ಎಲ್ಲ ರಸ್ತೆಗೇ ಕಾಣುತ್ತಿತ್ತು.

ಯಾರನ್ನೋ ದೂರಲು ಇದನ್ನು ಓದಲಿಲ್ಲ. ಹಳೇ ದಾಖಲೆ ವರ್ಷದಿಂದ ವರ್ಷಕ್ಕೆ ಹಾಗೇ ಬಂದಿತ್ತು. ನಾನೂ ತೆಗೆದು ನೋಡಿರಲಿಲ್ಲ. ಆ ಮಾರ್ಚಿನಲ್ಲಿ ಆಲಿಕಲ್ಲು ಬಿತ್ತು. ಕೊಯ್ಲಿಗೆ ಇನ್ನೇನು ವಾರ ಇತ್ತು. ಇಪ್ಪತ್ತು ನಿಮಿಷ ಬಿದ್ದಿರಬಹುದು, ಅಷ್ಟೇ. ಬೆಳಿಗ್ಗೆ ಚಪ್ಪರದ ಕೆಳಗೆ ಹೋದರೆ ಕಾಲಿಗೆ ರಸ ಅಂಟುತ್ತಿತ್ತು. ನಷ್ಟದ ಪಟ್ಟಿ ಮಾಡಲು ಬಂದವರು ಪಹಣಿ ನೋಡಿದರು. ಮೆಕ್ಕೆಜೋಳ ಅಂತ ಇದೆ. ಮಾರ್ಚಿನಲ್ಲಿ ಮೆಕ್ಕೆಜೋಳ ಹೊಲದಲ್ಲಿ ಎಲ್ಲಿರುತ್ತದೆ? ಹಾಗಾಗಿ ನಷ್ಟವೇ ಆಗಿಲ್ಲ ಅಂತಾಯಿತು. ನನ್ನ ಹೆಸರು ಪಟ್ಟಿಗೆ ಸೇರಲಿಲ್ಲ.

ಪರಿಹಾರದ ನಿಯಮ ಏನು ಹೇಳುತ್ತದೆ ಅಂತ ಆಮೇಲೆ ಹುಡುಕಿ ಓದಿದೆ. ವಿಪತ್ತು ಪರಿಹಾರ ನಿಧಿಗೆ ಕೇಂದ್ರ 2022ರಿಂದ 2026ರವರೆಗೆ ಮಾಡಿದ ಲೆಕ್ಕದಲ್ಲಿ, ಶೇ 33 ಅಥವಾ ಅದಕ್ಕಿಂತ ಜಾಸ್ತಿ ಬೆಳೆ ಹೋಗಿದ್ದರೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ. ನೀರಾವರಿ ಬೆಳೆಗೆ 17,000. ಬಹುವಾರ್ಷಿಕ ಬೆಳೆಗೆ 22,500. ಒಬ್ಬರಿಗೆ 2 ಹೆಕ್ಟೇರ್‌ವರೆಗೆ ಮಾತ್ರ. ದ್ರಾಕ್ಷಿ ಬಹುವಾರ್ಷಿಕ ಬೆಳೆ. 22,500 ರೂಪಾಯಿ ಬಂದಿದ್ದರೂ ನನ್ನ ಔಷಧಿ ಅಂಗಡಿ ಬಾಕಿ ತೀರುತ್ತಿರಲಿಲ್ಲ. ಆದರೆ ನನ್ನನ್ನು ಕಾಡಿದ್ದು ಆ ದುಡ್ಡಲ್ಲ. ಐದು ವರ್ಷ ಬೆವರು ಹರಿಸಿ ಬೆಳೆಸಿದ ತೋಟ ಸರ್ಕಾರದ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಬಳ್ಳಿ ನೆಲದ ಮೇಲಿದೆ, ಕಾಗದದ ಮೇಲಿಲ್ಲ.

ಇವತ್ತು ನಾನು ಹೇಳಬೇಕಾದ್ದು ಇದನ್ನೇ. ವೈನ್ ದ್ರಾಕ್ಷಿ ಉಳಿಯಬೇಕು ಅಂದರೆ ಬೆಂಗಳೂರಿನ ನೀತಿಯ ಬಗ್ಗೆ ಮಾತಾಡುತ್ತೇವೆ, ದೆಹಲಿಯ ಸುಂಕದ ಬಗ್ಗೆ ಮಾತಾಡುತ್ತೇವೆ. ಮಾತಾಡಬೇಕು ನಿಜ. ಆದರೆ ಈ ಬೆಳೆಯ ಹಣೆಬರಹ ಬರೆಯುವ ಕಾಗದಗಳಲ್ಲಿ ಅರ್ಧದಷ್ಟು ನಮ್ಮ ಪಂಚಾಯಿತಿಯಲ್ಲಿ, ತಾಲ್ಲೂಕಿನಲ್ಲಿ, ಚಿತ್ರದುರ್ಗದಲ್ಲಿ, ದಾವಣಗೆರೆಯಲ್ಲಿ ಇವೆ. ಅಲ್ಲಿ ಕೇಳುವವರೇ ಇಲ್ಲ.

ವೈನ್ ದ್ರಾಕ್ಷಿ ಬೆಳೆಯದವರೂ ಇಲ್ಲಿ ಕೂತಿದ್ದೀರಿ. ಅವರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ನಾವು ತಿನ್ನುವ ದ್ರಾಕ್ಷಿ ಬೇರೆ, ಇದು ಬೇರೆ. ಕ್ಯಾಬರ್ನೆ ಸೋವಿನ್ಯೋ, ಶಿರಾಜ್ ತಳಿಗಳ ಹಣ್ಣು ಸಣ್ಣದು. ಸಿಪ್ಪೆ ದಪ್ಪ, ಒಳಗೆ ಬೀಜ. ಸಂತೆಯಲ್ಲಿ ಇಟ್ಟರೆ ಮಕ್ಕಳೂ ಮುಟ್ಟುವುದಿಲ್ಲ. ಥಾಮ್ಸನ್ ಸೀಡ್‌ಲೆಸ್ ಬೆಳೆದವನಿಗೆ ವ್ಯಾಪಾರಿ ಕೈಕೊಟ್ಟರೆ ಒಣಗಿಸಿ ಒಣದ್ರಾಕ್ಷಿ ಮಾಡುತ್ತಾನೆ. ವಿಜಯಪುರದವರು ಅದರಲ್ಲೇ ಬದುಕು ಕಟ್ಟಿಕೊಂಡಿದ್ದಾರೆ. ಬೆಂಗಳೂರು ನೀಲಿ ಬೆಳೆದವನು ತಿನ್ನಲೂ ಮಾರಬಹುದು, ಜ್ಯೂಸ್‌ಗೂ ಕೊಡಬಹುದು. ಕ್ಯಾಬರ್ನೆ ಬೆಳೆದವನಿಗೆ ಇರುವುದು ವೈನರಿ, ಅಂದರೆ ವೈನ್ ಮಾಡುವ ಕಾರ್ಖಾನೆ ಒಂದೇ. ಆ ಬಾಗಿಲು ಮುಚ್ಚಿದರೆ ಹಣ್ಣು ಬಳ್ಳಿಯಲ್ಲೇ ಕೊಳೆಯಬೇಕು.

ಬಳ್ಳಿ ಹಾಕಿದ ಮೇಲೆ ಮೊದಲ ಸರಿಯಾದ ಫಸಲಿಗೆ ಎರಡು ಮೂರು ವರ್ಷ ಬೇಕು. ಆಮೇಲೆ ಹದಿನೈದು ಇಪ್ಪತ್ತು ವರ್ಷ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಒಂದು ಸಾರಿ ಸವರಬೇಕು, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಇನ್ನೊಂದು ಸಾರಿ. ವಿಜಯಪುರದ ಕಡೆ ಇದಕ್ಕೆ ಚಾಟ್ನಿ ಅಂತಾರೆ. ಮೊದಲನೆಯದು ಬಳ್ಳಿಗೆ, ಎರಡನೆಯದು ಹಣ್ಣಿಗೆ. ನಡುವೆ ಬೂದಿ ರೋಗ, ಬೂಜು ರೋಗ ಅಂತ ಸಿಂಪಡಣೆ ತಪ್ಪುವುದಿಲ್ಲ. ಇಷ್ಟು ವರ್ಷದ ಬಳ್ಳಿಗೆ ನನಗೆ ಸಿಕ್ಕ ಒಪ್ಪಂದ ಎಷ್ಟು ವರ್ಷದ್ದು ಗೊತ್ತಾ? ಒಂದು ವರ್ಷದ್ದು. ಅದೂ ಎರಡು ಪುಟ. ಬೆಲೆ ಬರೆದಿತ್ತು. ಯಾವಾಗ ಕೊಯ್ಯುತ್ತಾರೆ, ಎಷ್ಟು ದಿನದಲ್ಲಿ ದುಡ್ಡು ಕೊಡುತ್ತಾರೆ ಅಂತ ಬರೆದಿರಲಿಲ್ಲ.

ಕೊಯ್ಲಿನ ದಿನದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ರೈತ ಸೋಲುವುದು ಅಲ್ಲೇ. ವೈನ್‌ಗೆ ಹಣ್ಣಿನಲ್ಲಿ ಸಕ್ಕರೆ 22ರಿಂದ 24 ಬ್ರಿಕ್ಸ್ ಇರಬೇಕು ಅಂತಾರೆ. ತಿನ್ನುವ ದ್ರಾಕ್ಷಿಗೆ ಅಷ್ಟು ಬೇಡ. ಸಕ್ಕರೆ ಏರಲಿ ಅಂತ ಹಣ್ಣನ್ನು ಬಳ್ಳಿಯಲ್ಲಿ ಬಿಟ್ಟಷ್ಟೂ ಒಳಗಿನ ನೀರು ಆರುತ್ತದೆ. ನೀರು ಆರಿದರೆ ತೂಕ ಇಳಿಯುತ್ತದೆ. ನಮಗೆ ದುಡ್ಡು ಕೊಡುವುದು ತೂಕಕ್ಕೆ! ಒಂದು ವರ್ಷ ನನ್ನ ಹಣ್ಣು 22 ದಾಟಿದ ಮೇಲೂ ಲಾರಿ ಬರಲಿಲ್ಲ. ಹನ್ನೊಂದು ದಿನ ಕಾದೆ. ದಿನಾ ಬೆಳಿಗ್ಗೆ ಹಣ್ಣು ಹಿಸುಕಿ ನೋಡುತ್ತಿದ್ದೆ. ಗೊಂಚಲು ಕೈಗೆ ಹಗುರಾಗುವುದು ಗೊತ್ತಾಗುತ್ತಿತ್ತು. ಕೊನೆಗೆ ಲಾರಿ ಬಂತು, ಅದೇ ಬೆಲೆ ಕೊಟ್ಟರು. ಕಾದಿದ್ದಕ್ಕೆ ಹೋದ ತೂಕದ ಮಾತನ್ನು ಯಾರೂ ಎತ್ತಲಿಲ್ಲ. ಅದಾದ ಮೇಲೆ ಸ್ವಂತಕ್ಕೆ ಒಂದು ರಿಫ್ರಾಕ್ಟೋಮೀಟರ್ ತಗೊಂಡೆ. ಜೇಬಿನಲ್ಲಿ ಹಿಡಿಸುವ ಸಾಮಾನು. ಒಂದು ಹನಿ ರಸ ಹಾಕಿ ಬೆಳಕಿಗೆ ಹಿಡಿದರೆ ಸಾಕು, ಸಕ್ಕರೆ ಎಷ್ಟು ಅಂತ ತೋರಿಸುತ್ತದೆ. ವೈನ್ ದ್ರಾಕ್ಷಿ ಬೆಳೆಯುವವರು ಮೊದಲು ಇದನ್ನು ಕೊಳ್ಳಿ. ದಿನಾ ಅಳೆದು, ತಾರೀಖು ಹಾಕಿ ಬರೆದಿಡಿ. ಮಾತುಕತೆಗೆ ಕೂತಾಗ ಆ ಪುಸ್ತಕ ನಿಮ್ಮ ಪರವಾಗಿ ಮಾತಾಡುತ್ತದೆ.

ಹಿಂದಿನ ಸಾಲಿನಿಂದ ಒಬ್ಬರು ಯಜಮಾನರು ಕೇಳಿದರು: "ಇಷ್ಟು ಕಷ್ಟ ಇದ್ದರೆ ಯಾಕೆ ಬೆಳೀತೀಯಪ್ಪ? ಅಡಿಕೆ ಹಾಕು."

ಸರಿಯಾದ ಪ್ರಶ್ನೆ. ನೀವೇ ನೋಡಿದ್ದೀರಿ. 1933ರಲ್ಲಿ ಕೋಡಿ ಬಿದ್ದಿದ್ದ ನಮ್ಮ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ಅಣೆಕಟ್ಟು, 89 ವರ್ಷ ಆದ ಮೇಲೆ 2022ರಲ್ಲಿ ಮತ್ತೆ ಬಿತ್ತು. 2025ರ ಜನವರಿಯಲ್ಲೂ ತುಂಬಿತು. ಕೆರೆ ತುಂಬಿದ ಖುಷಿಯಲ್ಲಿ ಎಲ್ಲೆಲ್ಲೂ ಅಡಿಕೆ ಸಸಿ ಬಂತು. ಚನ್ನಗಿರಿಯ ಕಡೆ ಭದ್ರಾ ನಾಲೆ ಇದೆ, ಅಡಿಕೆ ಅಲ್ಲಿಗೆ ಒಪ್ಪುತ್ತದೆ. ನಮ್ಮ ಹಿರಿಯೂರು, ಚಳ್ಳಕೆರೆ, ಆ ಕಡೆ ಜಗಳೂರು ರಾಜ್ಯದ ಒಣ ತಾಲ್ಲೂಕುಗಳು. ಇನ್ನೊಂದು ಬರ ಬಂದರೆ ಸಾವಿರ ಅಡಿ ಬೋರು ಆ ಸಸಿಗಳಿಗೆ ಎಲ್ಲಿಂದ ನೀರು ತರುತ್ತದೆ? ದ್ರಾಕ್ಷಿ ಹನಿ ನೀರಿನಲ್ಲಿ ಬದುಕುತ್ತದೆ. ವೈನ್ ತಳಿಗೆ ಹಣ್ಣಾಗುವ ಕಾಲದಲ್ಲಿ ನೀರನ್ನು ಬೇಕೆಂದೇ ಕಡಿಮೆ ಮಾಡುತ್ತೇವೆ. ಒಣ ಹವೆ ಇದ್ದರೆ ಬೂಜು ರೋಗವೂ ಕಡಿಮೆ. ನಮ್ಮ ಸೀಮೆಯ ಬಡತನ ಅಂತ ನಾವು ಅಂದುಕೊಂಡಿರುವ ಒಣಹವೆಯೇ ಈ ಬಳ್ಳಿಗೆ ಬೇಕಾದ್ದು. ದಾಳಿಂಬೆ ಹಾಕಿದ್ದವರಿಗೆ ದುಂಡಾಣು ಅಂಗಮಾರಿ ಏನು ಮಾಡಿತು ಅಂತ ನಿಮಗೇ ಗೊತ್ತು. ಒಂದೇ ಬೆಳೆಯನ್ನು ನಂಬಿ ಊರಿಗೆ ಊರೇ ಕೂರಬಾರದು ಅಂತ ನನ್ನ ಅನಿಸಿಕೆ. ಹಾಗಾಗಿ ಎಲ್ಲರೂ ದ್ರಾಕ್ಷಿ ಹಾಕಿ ಅಂತಲೂ ಹೇಳುತ್ತಿಲ್ಲ. ಹಾಕಿದವನು ಕಿತ್ತು ಹಾಕುವಂತೆ ಆಗಬಾರದು, ಅಷ್ಟೇ.

ಕಿತ್ತು ಹಾಕಿದ್ದು ಎಲ್ಲಿ ಅಂತೀರಾ? ನಾಸಿಕ್‌ನಲ್ಲಿ. ಮಹಾರಾಷ್ಟ್ರ 2001ರಲ್ಲೇ ದ್ರಾಕ್ಷಿ ಸಂಸ್ಕರಣೆಯ ನೀತಿ ತಂದಿತು. ಸುಂಕ ಬಿಟ್ಟಿತು. ವೈನರಿಗಳು ಸಾಲುಸಾಲಾಗಿ ಎದ್ದವು. ರೈತರು ತಿನ್ನುವ ದ್ರಾಕ್ಷಿ ತೆಗೆದು ವೈನ್ ದ್ರಾಕ್ಷಿ ಹಾಕಿದರು. 2008ರಲ್ಲಿ ಜಗತ್ತಿನಲ್ಲೇ ಹಣಕಾಸು ಕುಸಿಯಿತು. ಅದೇ ವರ್ಷ ನವೆಂಬರ್‌ನಲ್ಲಿ ಮುಂಬೈ ದಾಳಿ ಆಯಿತು, ಹೋಟೆಲ್‌ಗಳು ಖಾಲಿ ಹೊಡೆದವು. ವೈನರಿಗಳ ತೊಟ್ಟಿ ತುಂಬಿಯೇ ಇತ್ತು. ಹೊಸ ಹಣ್ಣು ಯಾರಿಗೆ ಬೇಕು? ಮುಂದಿನ ಒಂದೆರಡು ವರ್ಷದಲ್ಲಿ ಎಷ್ಟೋ ರೈತರು ಬಳ್ಳಿಯನ್ನು ಬುಡಸಮೇತ ಕಿತ್ತರು. ನೀತಿಯಲ್ಲಿ ವೈನರಿ ಕಟ್ಟುವವರಿಗೆ ರಿಯಾಯಿತಿ ಇತ್ತು. ಬಳ್ಳಿ ಹಾಕಿದವನಿಗೆ ಭದ್ರತೆ ಇರಲಿಲ್ಲ.

ನಮ್ಮ ಸರ್ಕಾರವೂ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ವೈನ್ ಮಂಡಳಿ ಬಂತು. ನಂದಿ ಕಣಿವೆ, ಕೃಷ್ಣಾ ಕಣಿವೆ ಅಂತ ಪ್ರದೇಶಗಳಿಗೆ ಹೆಸರು ಬಂತು. ದೊಡ್ಡಬಳ್ಳಾಪುರದ ಹತ್ತಿರ ಅದಕ್ಕೂ ಮುಂಚೆ, 1990ರ ದಶಕದಿಂದಲೇ ವೈನ್ ಆಗುತ್ತಿತ್ತು. ಒಳ್ಳೆಯ ಕೆಲಸ ಆಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಕಣಿವೆಗಳ ಹೊರಗೆ, ನಮ್ಮ ವೇದಾವತಿ ದಂಡೆಯಲ್ಲಿ ಅಲ್ಲೊಂದು ಇಲ್ಲೊಂದು ತೋಟ ಮಾಡಿದ ನಮ್ಮಂಥವರ ಕಷ್ಟ ಬೇರೆ. ನಾವು ಸಂಖ್ಯೆಯಲ್ಲಿ ಕಡಿಮೆ. ಕಡಿಮೆ ಇರುವವರು ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬರದ ಬೆಳೆಗೆ ಸಾಲವೂ ಇಲ್ಲ, ವಿಮೆಯೂ ಇಲ್ಲ. ಸಾಲ, ವಿಮೆ ಇಲ್ಲದ್ದಕ್ಕೆ ಹೊಸಬರು ಬೆಳೆಯುವುದಿಲ್ಲ. ಬೆಳೆಯದ್ದಕ್ಕೆ ಸಂಖ್ಯೆ ಕಡಿಮೆಯೇ ಉಳಿಯುತ್ತದೆ.

ಇದನ್ನು ಬೇರೆ ಕಡೆ ಹೇಗೆ ಬಿಡಿಸಿಕೊಂಡರು? ಎರಡು ಕಥೆ ಹೇಳುತ್ತೇನೆ.

ಮೊದಲನೆಯದು ಫ್ರಾನ್ಸಿನ ದಕ್ಷಿಣ ಭಾಗದ್ದು. 1907. ದ್ರಾಕ್ಷಿ ಬೆಳೆಗಾರರಿಗೆ ಬೆಲೆ ಪಾತಾಳಕ್ಕೆ ಬಿದ್ದಿತ್ತು. ವೈನ್ ಜಾಸ್ತಿ ಇತ್ತು ಅನ್ನುವುದು ಒಂದು ಕಾರಣ. ಸಕ್ಕರೆ ನೀರು ಬೆರೆಸಿ ವೈನ್ ಅಂತ ಮಾರುವವರು ಹೆಚ್ಚಾಗಿದ್ದು ಇನ್ನೊಂದು. ಅರ್ಜೆಲಿಯೆ ಅನ್ನುವ ಸಣ್ಣ ಹಳ್ಳಿಯಿಂದ ಮಾರ್ಚ್ 11ರಂದು 87 ಜನ ನಾರ್ಬೋನ್ ಪಟ್ಟಣಕ್ಕೆ ಹೊರಟರು. ಬರೀ 87 ಜನ. ಮುಂದಾಳು ಮಾರ್ಸೆಲೆನ್ ಆಲ್ಬೆರ್, ತಾನೂ ಬೆಳೆಗಾರ. ಆಮೇಲೆ ಪ್ರತಿ ಭಾನುವಾರ ಒಂದೊಂದು ಊರಲ್ಲಿ ಸಭೆ. ಭಾನುವಾರದಿಂದ ಭಾನುವಾರಕ್ಕೆ ಜನ ಏರಿದರು. ಜೂನ್ 9ಕ್ಕೆ ಮೊಂಪೆಲಿಯೆ ನಗರದಲ್ಲಿ ಲಕ್ಷಗಟ್ಟಲೆ ಜನ ಸೇರಿದ್ದರು. ಸೈನ್ಯ ಬಂತು. ನಾರ್ಬೋನ್‌ನಲ್ಲಿ ಗುಂಡು ಹಾರಿತು, ಜನ ಸತ್ತರು. ಅದನ್ನು ಹೇಳುವಾಗ ಸಂಕಟವೇ ಆಗುತ್ತದೆ. ಆದರೆ ಅದೇ ತಿಂಗಳು 29ಕ್ಕೆ ಒಂದು ಕಾನೂನು ಬಂತು. ಆ ಕಾನೂನು ಏನು ಹೇಳಿತು ಗೊತ್ತಾ? ಪ್ರತಿ ಬೆಳೆಗಾರ ಕೊಯ್ಲು ಮುಗಿದ ಮೇಲೆ ತನ್ನ ಊರಿನ ಕಚೇರಿಗೆ ಹೋಗಿ ಎಷ್ಟು ಬಳ್ಳಿ ಇದೆ, ಎಷ್ಟು ವೈನ್ ಆಯಿತು, ಎಷ್ಟು ದಾಸ್ತಾನು ಇದೆ ಅಂತ ಬರೆಸಬೇಕು. ಬರೆಸಿದ ಮೇಲೆ ಬೆಳೆದದ್ದಕ್ಕಿಂತ ಜಾಸ್ತಿ ಮಾರಿದವನು ಸಿಕ್ಕಿಬೀಳುತ್ತಾನೆ. ಅಷ್ಟು ದೊಡ್ಡ ಹೋರಾಟ ಕೊನೆಗೆ ಬಂದು ನಿಂತದ್ದು ಊರಿನ ಕಚೇರಿಯ ಪುಸ್ತಕದಲ್ಲಿ ಒಂದು ಸಾಲು ಬರೆಸುವುದಕ್ಕೆ. ನನ್ನ ಪಹಣಿ ಕೈಯಲ್ಲಿ ಹಿಡಿದು ಇದನ್ನು ಓದಿದಾಗ ಮೈ ಜುಂ ಅಂತು.

ಎರಡನೆಯದು ಅಮೆರಿಕದ ಕ್ಯಾಲಿಫೋರ್ನಿಯಾದ್ದು. ನಾಪಾ ಅಂತ ಒಂದು ಜಿಲ್ಲೆ. ಅಲ್ಲಿನ ಸ್ಥಳೀಯ ಆಡಳಿತ, ನಮ್ಮ ಜಿಲ್ಲಾ ಪಂಚಾಯಿತಿ ಇದ್ದ ಹಾಗೆ ಅಂದುಕೊಳ್ಳಿ, 1968ರಲ್ಲೇ ಕಣಿವೆಯ ಭೂಮಿ ಕೃಷಿಗೇ ಉಳಿಯಬೇಕು ಅಂತ ತೀರ್ಮಾನ ಮಾಡಿತು. ಸೈಟು ಮಾಡಲು ತುಂಡು ಮಾಡುವಂತಿಲ್ಲ. 1990ರಲ್ಲಿ ಇನ್ನೊಂದು ನಿಯಮ ತಂದರು. ಹೊಸದಾಗಿ ವೈನರಿ ಕಟ್ಟುವವರು ಶೇ 75ರಷ್ಟು ದ್ರಾಕ್ಷಿಯನ್ನು ಆ ಜಿಲ್ಲೆಯಿಂದಲೇ ತಗೋಬೇಕು. ಊರಿನ ಹೆಸರು ಬಾಟಲಿ ಮೇಲೆ, ಹಣ್ಣು ಎಲ್ಲಿಂದಲೋ ಅನ್ನುವ ಹಾಗಿಲ್ಲ. ಅಲ್ಲೇ ಲೋಡೈ ಅಂತ ಇನ್ನೊಂದು ಕಡೆ, ಅಷ್ಟು ಹೆಸರಿಲ್ಲದ ಬೆಳೆಗಾರರು 1991ರಲ್ಲಿ ವೋಟು ಹಾಕಿ ತಮ್ಮ ಮೇಲೆ ತಾವೇ ವಂತಿಗೆ ಹೇರಿಕೊಂಡರು. ಮಾರಿದ ಹಣ್ಣಿನ ಮೌಲ್ಯದಲ್ಲಿ ಒಂದು ಚೂರು ಪಾಲು. ಆ ದುಡ್ಡಿನಲ್ಲಿ ಪ್ರಚಾರ, ಸಂಶೋಧನೆ, ಕೀಟ ನಿರ್ವಹಣೆಯ ಪಾಠ ಎಲ್ಲ ನಡೆಯಿತು. ಸರ್ಕಾರ ಮಾಡಲಿ ಅಂತ ಕೂರಲಿಲ್ಲ.

ಅವರ ಜಮೀನು, ಅವರ ದುಡ್ಡು ಬೇರೆ. ಅದನ್ನೇ ಇಲ್ಲಿ ತಂದು ಹಚ್ಚಲು ಆಗಲ್ಲ. ಆದರೆ ನಿಯಮ ಮಾಡಿದ್ದು ರಾಜಧಾನಿಯಲ್ಲ, ಜಿಲ್ಲೆ ಅನ್ನುವುದು ನಮಗೆ ಬೇಕಾದ ಪಾಠ.

ಈಗ ನಮ್ಮ ಊರಿಗೆ ಬರೋಣ. ಮೊದಲು ಪಹಣಿ. 2020ರ ಮುಂಗಾರಿನಿಂದ ರೈತರೇ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ತಮ್ಮ ಬೆಳೆ ಫೋಟೋ ತೆಗೆದು ಹಾಕಬಹುದು. ಫೋನು ಬಾರದಿದ್ದರೆ ಮನೆಯ ಮಕ್ಕಳ ಕೈಲಿ ಹಾಕಿಸಿ. ಹಾಕಿದ ಮೇಲೆ ಪಹಣಿಯಲ್ಲಿ ದ್ರಾಕ್ಷಿ ಅಂತಲೇ ಬಂದಿದೆಯಾ ಅಂತ ನೋಡಿ. ಬಂದಿಲ್ಲ ಅಂದರೆ ಅವಧಿ ಮುಗಿಯುವ ಮುಂಚೆ ಆಕ್ಷೇಪಣೆ ಕೊಡಿ. ನಾನು ನೋಡದೆ ಕೆಟ್ಟೆ.

ಆಮೇಲೆ ಸಾಲ. ಯಾವ ಬೆಳೆಗೆ ಎಕರೆಗೆ ಎಷ್ಟು ಬೆಳೆಸಾಲ ಅನ್ನುವುದನ್ನು ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿ ಪ್ರತಿ ವರ್ಷ ತೀರ್ಮಾನ ಮಾಡುತ್ತದೆ. ಬ್ಯಾಂಕಿನವರು, ಇಲಾಖೆಯವರು ಕೂತು ಮಾಡುವ ಪಟ್ಟಿ ಅದು. ಚಪ್ಪರದ ಖರ್ಚು, ಔಷಧಿ ಖರ್ಚು, ಎರಡು ಸವರಿಕೆಯ ಕೂಲಿ ಎಲ್ಲ ಲೆಕ್ಕ ಹಾಕಿ ನಾವೇ ಒಂದು ಹಾಳೆ ಬರೆದು ಸಭೆಗೆ ಮುಂಚೆ ಕೊಡಬೇಕು. ಕೊಡದಿದ್ದರೆ ಅಂದಾಜಿನಲ್ಲಿ ಒಂದು ಅಂಕಿ ಬೀಳುತ್ತದೆ. ಬಬ್ಬೂರು ಫಾರಂನಲ್ಲಿ ತೋಟಗಾರಿಕೆ ಕಾಲೇಜಿದೆ, ಕೃಷಿ ವಿಜ್ಞಾನ ಕೇಂದ್ರ ಇದೆ. ಲೆಕ್ಕ ಹಾಕಲು ಅವರ ನೆರವು ಕೇಳೋಣ.

ವಿಮೆಯದೂ ಇದೇ ಕಥೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ತೋಟಗಾರಿಕೆ ಬೆಳೆಗೆ ರೈತ ಕಟ್ಟುವ ಪಾಲು ಶೇ 5. ಆದರೆ ಆ ಪಂಚಾಯಿತಿಗೆ ಆ ಬೆಳೆ ಅಂತ ಅಧಿಸೂಚನೆಯಲ್ಲಿ ಹೆಸರಿದ್ದರೆ ಮಾತ್ರ ಕಟ್ಟಬಹುದು. ಹೆಸರು ಸೇರಬೇಕಾದರೆ ಎಷ್ಟು ಎಕರೆ ಇದೆ ಅಂತ ಕೇಳುತ್ತಾರೆ. ಎಕರೆ ಲೆಕ್ಕ ಎಲ್ಲಿಂದ ಬರುತ್ತದೆ? ಪಹಣಿಯಿಂದ. ನೋಡಿ, ಮತ್ತೆ ಅಲ್ಲಿಗೇ ಬಂದೆವು.

ಇನ್ನೊಂದು ವಿಷಯ. ಇದನ್ನು ಯಾವ ಇಲಾಖೆಯೂ ಅಲ್ಲ, ನಾವೇ ಬಗೆಹರಿಸಬೇಕು. ದಾವಣಗೆರೆ, ಚಿತ್ರದುರ್ಗ ಅಂದರೆ ಮೆಕ್ಕೆಜೋಳದ ಸೀಮೆ. ಅದಕ್ಕೆ ಕಳೆ ಔಷಧಿ 2,4-ಡಿ ಹೊಡೆಯುತ್ತಾರೆ. ಕಡಿಮೆ ಬೆಲೆಗೆ ಸಿಗುತ್ತದೆ, ಕೆಲಸ ಮಾಡುತ್ತದೆ. ಆದರೆ ದ್ರಾಕ್ಷಿಗೆ ಅದು ವಿಷ. ಗಾಳಿಗೆ ಹಾರಿ ಬಂದ ಚೂರೇ ಸಾಕು, ಚಿಗುರು ಮುದುರುತ್ತದೆ. ಎಲೆ ಬೀಸಣಿಗೆಯ ಹಾಗೆ ಕಿರಿದಾಗಿ ನರ ಎದ್ದು ಕಾಣುತ್ತದೆ. ಜೂನ್ ಜುಲೈನಲ್ಲಿ ನಮ್ಮ ಬಳ್ಳಿ ಮುಂದಿನ ಫಸಲಿಗೆ ಕಡ್ಡಿ ಬಲಿಸಿಕೊಳ್ಳುವ ಹೊತ್ತು. ಅದೇ ಹೊತ್ತಿಗೆ ಪಕ್ಕದ ಹೊಲದಲ್ಲಿ ಸಿಂಪಡಣೆ. ಪಕ್ಕದ ಹೊಲದ ಅಣ್ಣನಿಗೆ ಇದು ಗೊತ್ತೇ ಇರಲಿಲ್ಲ. ನಾನು ಸಿಟ್ಟಿನಲ್ಲಿ ಹೋದೆ. ಅವನು ಎಲೆ ನೋಡಿ ಪೇಚಾಡಿಕೊಂಡ. ಈಗ ಹೊಡೆಯುವ ಹಿಂದಿನ ದಿನ ಫೋನು ಮಾಡುತ್ತಾನೆ. ಗಾಳಿ ಇಲ್ಲದ ಬೆಳಗಿನ ಹೊತ್ತು ಹೊಡೆಯುತ್ತಾನೆ. ನನ್ನ ಬದುವಿನ ಕಡೆಯ ಹತ್ತು ಸಾಲಿಗೆ ಆಳು ಹಾಕಿ ಕಳೆ ತೆಗೆಸುತ್ತಾನೆ, ಆ ಕೂಲಿ ನಾನು ಕೊಡುತ್ತೇನೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಇಂಥ ಔಷಧಿಗೆ ಜಿಲ್ಲೆವಾರು ನಿಯಮವೇ ಇದೆ. ನಮಗೆ ಗ್ರಾಮಸಭೆಯ ಒಂದು ಠರಾವು ಸಾಕು. ಎಲ್ಲಿ ದ್ರಾಕ್ಷಿ ಇದೆ ಅಂತ ಪಂಚಾಯಿತಿ ಬೋರ್ಡಿನಲ್ಲಿ ಸರ್ವೆ ನಂಬರ್ ಬರೆದು ಹಾಕಲಿ. ಹೊಡೆಯುವವರು ಒಂದು ದಿನ ಮುಂಚೆ ಹೇಳಲಿ.

ಇಷ್ಟು ಹೇಳುವಾಗ ಸ್ವಸಹಾಯ ಸಂಘದ ಒಬ್ಬರು ಅಕ್ಕ ಎದ್ದು ನಿಂತರು. "ಠರಾವು ಅಂತೀಯಲ್ಲ ತಮ್ಮಾ, ಹೋದ ಗ್ರಾಮಸಭೆಯಲ್ಲಿ ನಾವು ಊರಿಗೆ ಬ್ರಾಂದಿ ಅಂಗಡಿ ಬೇಡ ಅಂತ ಠರಾವು ಮಾಡಿಸಿದ್ದೀವಿ. ನೀನು ಬೆಳೆಯೋದು ಕುಡಿಯೋರಿಗೇ ಅಲ್ವಾ?"

ಸಭೆ ಸುಮ್ಮನಾಯಿತು. ಅಕ್ಕನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಅಕ್ಕಾ, ನಿಮ್ಮ ಠರಾವಿಗೆ ನನ್ನ ಸಹಿಯೂ ಇದೆ. ಕುಡಿತದಿಂದ ಮನೆ ಹಾಳಾಗಿದ್ದನ್ನು ನಾನೂ ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಊರಲ್ಲಿ ವೈನ್ ಅಂಗಡಿ ಬೇಕು ಅಂತ ನಾನು ಕೇಳುತ್ತಿಲ್ಲ, ಕೇಳುವುದೂ ಇಲ್ಲ. 2022ರ ಜನವರಿಯಲ್ಲಿ ಮಹಾರಾಷ್ಟ್ರ ಸಂಪುಟ ದೊಡ್ಡ ಅಂಗಡಿಗಳಲ್ಲಿ ವೈನ್ ಮಾರಲು ಬಿಡುವ ತೀರ್ಮಾನ ಮಾಡಿತು. ರೈತರಿಗೆ ಒಳ್ಳೆಯದಾಗುತ್ತದೆ ಅಂತ ಕಾರಣ ಕೊಟ್ಟಿತು. ದೊಡ್ಡ ವಿರೋಧ ಬಂತು. ಎಲ್ಲಿ ಮಾರಬೇಕು ಅನ್ನುವ ಜಗಳದಲ್ಲಿ ಬೆಳೆದವನ ಒಪ್ಪಂದದ ಮಾತು ಮುಳುಗಿಯೇ ಹೋಯಿತು. ರೈತರ ಹೆಸರು ಹೇಳಿ ಅಂಗಡಿ ತೆರೆಯುವುದು ನನಗೆ ಒಪ್ಪಿಗೆ ಇಲ್ಲ. ಎರಡು ಠರಾವೂ ಒಂದೇ ಪುಸ್ತಕದಲ್ಲಿ ಇರಬಹುದು. ಅಂಗಡಿ ಬೇಡ ಅನ್ನುವುದು ಒಂದು. ಬೆಳೆದ ಬಳ್ಳಿಗೆ ಲೆಕ್ಕ ಬೇಕು ಅನ್ನುವುದು ಇನ್ನೊಂದು.

ಇನ್ನೊಂದನ್ನೂ ಒಪ್ಪಿಕೊಂಡೆ. ಬರೀ ವೈನ್ ತಳಿ ನಂಬಿದ್ದು ನನ್ನ ತಪ್ಪು. ಪುಣೆಯ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಜ್ಯೂಸ್‌ಗೆ ಅಂತಲೇ ಮಂಜರಿ ಮೆಡಿಕಾ ತಳಿ ಕೊಟ್ಟಿದೆ. ಅರ್ಧ ಎಕರೆಗೆ ಅದನ್ನು ಹಾಕುವ ಯೋಚನೆ ಇದೆ. ಅಕ್ಕ ನಕ್ಕು, "ಜ್ಯೂಸ್ ಮಾಡೋದಾದ್ರೆ ನಮ್ಮ ಸಂಘಕ್ಕೆ ಹೇಳು" ಅಂದರು. ಆ ಮಾತು ನನಗೆ ಬಹಳ ಹಿಡಿಸಿತು.

ಆತುರ ಯಾಕೆ ಅಂದರೆ, ಹೊರಗಿನ ವೈನ್ ಅಗ್ಗವಾಗುತ್ತಿದೆ. ಆಮದು ವೈನ್ ಮೇಲೆ ಶೇ 150 ಸುಂಕ ಇತ್ತು. ಆಸ್ಟ್ರೇಲಿಯಾ ಜೊತೆ ಆದ ಒಪ್ಪಂದ 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. 5 ಅಮೆರಿಕನ್ ಡಾಲರ್‌ಗಿಂತ ಜಾಸ್ತಿ ಬೆಲೆಯ ಬಾಟಲಿಗೆ ಸುಂಕ ಶೇ 100ಕ್ಕೆ ಇಳಿದು, ಹತ್ತು ವರ್ಷದಲ್ಲಿ ಶೇ 50ಕ್ಕೆ ಬರುತ್ತದೆ. 15 ಡಾಲರ್ ಮೇಲಿನದಕ್ಕೆ ಶೇ 75ರಿಂದ ಶುರುವಾಗಿ ಶೇ 25ಕ್ಕೆ. ಇದನ್ನು ಹಿರಿಯೂರಿನಲ್ಲಿ ಕೂತು ತಡೆಯಲು ಆಗಲ್ಲ. ವೈನರಿಗೆ ಬಿಸಿ ತಟ್ಟಿದರೆ ಮೊದಲು ಹಿಂಡುವುದು ನಮ್ಮ ಕಿಲೋ ಬೆಲೆಯನ್ನು. ಅಷ್ಟರೊಳಗೆ ನಮ್ಮ ಒಪ್ಪಂದದಲ್ಲಿ ಮೂರು ವರ್ಷದ ಕನಿಷ್ಠ ಬೆಲೆ, ಹೊಲದಲ್ಲೇ ನಮ್ಮೆದುರಿಗೆ ಬ್ರಿಕ್ಸ್ ಪರೀಕ್ಷೆ, ಲಾರಿ ತಡವಾದರೆ ದಿನದ ಲೆಕ್ಕದಲ್ಲಿ ಹೆಚ್ಚುವರಿ ಬೆಲೆ, ಇಷ್ಟಾದರೂ ಬರೆಸಿಕೊಳ್ಳಬೇಕು. ಒಬ್ಬೊಬ್ಬರೇ ಹೋದರೆ ಎರಡು ಪುಟದ ಕಾಗದ ಕೊಟ್ಟು ಕಳಿಸುತ್ತಾರೆ. ಹತ್ತು ಜನ ಒಟ್ಟಿಗೆ ಹೋಗೋಣ.

ಗ್ರಾಮಸಭೆ ಆರು ತಿಂಗಳಿಗೆ ಒಂದಾದರೂ ಆಗಲೇಬೇಕು ಅಂತ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಮುಂದಿನ ಸಭೆಗೆ ಅರ್ಜಿ ನಾನು ಬರೆದು ತಂದಿದ್ದೇನೆ, ಆ ಮೇಜಿನ ಮೇಲೆ ಇದೆ. ಓದಿ, ತಪ್ಪಿದ್ದರೆ ಅಲ್ಲೇ ತಿದ್ದಿ. ದ್ರಾಕ್ಷಿ ಇರುವವರು ಸರ್ವೆ ನಂಬರ್, ತಳಿ, ಬಳ್ಳಿ ಹಾಕಿದ ವರ್ಷ ಬರೆಯಿರಿ. ಪಹಣಿ ತಂದಿದ್ದರೆ ಈಗಲೇ ತೆಗೆಯಿರಿ, ಬೆಳೆ ಕಾಲಂ ಒಟ್ಟಿಗೆ ನೋಡೋಣ. ಕನ್ನಡಕ ಮರೆತು ಬಂದವರಿಗೆ ನಾನು ಓದಿ ಹೇಳುತ್ತೇನೆ.